ಗಾಜಕ್ಕನ ಇಪ್ಪತ್ತು ನಿಮಿಷ

ಬೆಳಿಗ್ಗೆ ಆರು ಗಂಟೆ ಇಪ್ಪತ್ತೆರಡು ನಿಮಿಷ. ಹನ್ನೆರಡು ಹಾಸಿಗೆಗಳ ಪುಟ್ಟ ಆಸ್ಪತ್ರೆಯ ಕೊನೆಯ ಕೋಣೆ. ಗೋಡೆಗೆ ಒತ್ತಿ ನಿಲ್ಲಿಸಿದ ಮರದ ಮೇಜಿನ ಮುಂದೆ ನೀಲಿ ಕೋಟು ತೊಟ್ಟ ಹೆಂಗಸೊಬ್ಬರು ಸ್ಟೂಲಿನ ಮೇಲೆ ಕುಳಿತಿದ್ದಾರೆ. ಎದುರಿಗೆ ಕಿರುಬೆರಳಿನಷ್ಟು ದಪ್ಪದ ಗಾಜಿನ ಕೊಳವೆ, ಅದರ ತಳದಲ್ಲಿ ಎರಡು ಮಿಲಿಲೀಟರ್ ರಕ್ತ. ಅವರು ಕೊಳವೆಯನ್ನು ಮುಟ್ಟುತ್ತಿಲ್ಲ. ಮೇಜಿಗೆ ಮೊಣಕೈ ಕೂಡ ಊರಿಲ್ಲ. ದಡಬಡ ಒಳಗೆ ನುಗ್ಗಿದ ನನ್ನ ಕಡೆ ತಿರುಗದೆಯೇ, "ಮೆಲ್ಲಗೆ ಬನ್ನಿ ಸಾರ್, ಮೇಜು ಅದುರುತ್ತೆ" ಎನ್ನುತ್ತಾರೆ. ನಾನು ಕಳ್ಳಬೆಕ್ಕಿನ ಹಾಗೆ ಹೆಜ್ಜೆಯಿಟ್ಟು ಮೂಲೆ ಸೇರುತ್ತೇನೆ.

ಆ ರಕ್ತ ಪಕ್ಕದ ಕೋಣೆಯಲ್ಲಿ ಮಲಗಿರುವ ಹುಲ್ಲು ಕೊಯ್ಯುವ ಹೆಣ್ಣುಮಗಳದ್ದು. ವಯಸ್ಸು ಇಪ್ಪತ್ತಾರು, ಮನೆಯಲ್ಲಿ ಎಂಟು ತಿಂಗಳ ಕೂಸು. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ, ಎಡಗೈಯಲ್ಲಿ ಒಂದು ಹಿಡಿ ಹುಲ್ಲು ಹಿಡಿದು ಬಲಗೈಯಲ್ಲಿ ಕುಡುಗೋಲು ಎಳೆಯುವಾಗ ಎಡ ಹೆಬ್ಬೆರಳಿನ ಬುಡಕ್ಕೆ ಹಾವು ಕಚ್ಚಿದೆ. ವಿಷ ಅವಳ ರಕ್ತಕ್ಕೆ ಇಳಿದಿದೆಯೋ ಇಲ್ಲವೋ ಎಂಬುದನ್ನು ಈಗ ಈ ಗಾಜು ಹೇಳಬೇಕು. ರಕ್ತವನ್ನು ಇಪ್ಪತ್ತು ನಿಮಿಷ ಅಲುಗಿಸದೆ ಬಿಟ್ಟು, ಆಮೇಲೆ ಕೊಳವೆಯನ್ನು ಒಂದೇ ಒಂದು ಸಲ ಬಗ್ಗಿಸುತ್ತಾರೆ. ರಕ್ತ ಹೆಪ್ಪುಗಟ್ಟಿ ತಳದಲ್ಲೇ ನಿಂತರೆ ಸದ್ಯಕ್ಕೆ ಬಚಾವು. ನೀರಿನ ಹಾಗೆ ಹರಿದರೆ ವಿಷ ತನ್ನ ಕೆಲಸ ಶುರು ಮಾಡಿದೆ ಎಂದರ್ಥ.

ನಿಜ ಹೇಳಬೇಕೆಂದರೆ ನಾನು ಈ ಹೆಂಗಸನ್ನು ನೋಡಲು ಬಂದವನೇ ಅಲ್ಲ. ಹಾವು ಹಿಡಿಯುವವರೊಬ್ಬರ ಬಗ್ಗೆ ಬರೆಯಬೇಕೆಂದು ವಿಳಾಸ ಕೇಳಲು ಹೋದ ವಾರ ಇಲ್ಲಿಗೆ ಬಂದಿದ್ದೆ. ಇಲ್ಲಿನ ವೈದ್ಯೆ, ಎಲ್ಲರ ಬಾಯಲ್ಲಿ 'ಡಾಕ್ಟರಮ್ಮ', ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಾವು ಹಿಡಿಯೋರ ಫೋಟೋ ಎಲ್ಲ ಪೇಪರಲ್ಲೂ ಬಂದಿದೆ. ನಮ್ಮ ಗಾಜಕ್ಕನ್ನ ಯಾರಾದ್ರೂ ನೋಡಿದ್ದೀರಾ? ಒಂದು ದಿನ ಬೆಳಿಗ್ಗೆ ಬಂದು ಸುಮ್ನೆ ಕೂತ್ಕೊಳ್ಳಿ" ಎಂದಿದ್ದರು. ಗಾಜಕ್ಕ ಎಂದರೆ ಈ ನೀಲಿ ಕೋಟಿನವರು. ಕೆಲಸ ವಾರ್ಡಿನ ಆಯಾ. ನೆಲ ಒರೆಸುವುದು, ಹಾಸಿಗೆ ಬದಲಿಸುವುದು, ರೋಗಿಗಳನ್ನು ಎಬ್ಬಿಸಿ ಕೂರಿಸುವುದು. ಅದರ ನಡುವೆ ಹತ್ತೊಂಬತ್ತು ವರ್ಷಗಳಿಂದ ಹಾವು ಕಚ್ಚಿದವರ ರಕ್ತದ ಮುಂದೆ ಕಾವಲು.

ಹುಲ್ಲಿನ ಹೆಣ್ಣುಮಗಳನ್ನು ಆರು ಗಂಟೆ ಹತ್ತಕ್ಕೆ ಸರಿಯಾಗಿ ಗಂಡ ಬೈಕಿನಲ್ಲಿ ಕೂರಿಸಿಕೊಂಡು ಬಂದದ್ದನ್ನು ನಾನೂ ಕಂಡೆ. ಗಾರೆ ಕೆಲಸದ ಗಟ್ಟಿ ಆಳು. ಹೆಂಡತಿಯ ಮುಂಗೈಗೆ ಹಗ್ಗ ಬಿಗಿದಿದ್ದ, ಬೆರಳೆಲ್ಲ ನೇರಳೆ ಬಣ್ಣಕ್ಕೆ ತಿರುಗಿದ್ದವು. ಹಗ್ಗ ಬಿಚ್ಚಲು ಕೈ ಹಾಕಿದವನನ್ನು ಗಾಜಕ್ಕ ತಡೆದರು.

"ಕಟ್ಟಿದ್ದೇ ತಪ್ಪು, ಈಗ ಪಟಕ್ಕಂತ ಬಿಚ್ಚೋದು ಇನ್ನೊಂದು ತಪ್ಪು. ಡಾಕ್ಟರಮ್ಮ ಬರ್ಲಿ, ಅವರು ನಿಧಾನಕ್ಕೆ ಸಡಿಲ ಮಾಡ್ತಾರೆ. ಎಷ್ಟೊತ್ತಾಯ್ತು ಕಚ್ಚಿ?"

"ಮುಕ್ಕಾಲು ಗಂಟೆ ಆಗಿರ್ಬೇಕು ಅಕ್ಕಾ. ಅದ್ರಲ್ಲಿ ಒಂದು ಹತ್ತು ನಿಮಿಷ ಹಾವು ಹುಡುಕಿದೆ. ಸಿಗ್ಲಿಲ್ಲ."

"ಸಿಕ್ಕಿದ್ರೆ ಏನ್ಮಾಡ್ತಿದ್ರಿ? ಅದಕ್ಕೂ ಇಲ್ಲೊಂದು ಹಾಸಿಗೆ ಕೊಡ್ಬೇಕಿತ್ತಾ? ಬಗ್ಗಿ ಹುಡುಕೋವಾಗ ನಿಮಗೂ ಕಚ್ಚಿದ್ರೆ ಬೈಕು ಹೊಡೆಯೋರು ಯಾರು?"

ಬಾಯಿ ಬೈಯುತ್ತಿದ್ದರೂ ಕೈ ಸುಮ್ಮನಿರಲಿಲ್ಲ. ಊದಿಕೊಳ್ಳುತ್ತಿದ್ದ ಬೆರಳಲ್ಲಿ ಉಂಗುರ ಸಿಕ್ಕಿಬಿದ್ದಿತ್ತು. ಗಾಜಕ್ಕನ ಕೋಟಿನ ಜೇಬಿನಲ್ಲಿ ಸದಾ ಒಂದು ನೂಲಿನ ಉಂಡೆ ಇರುತ್ತದೆ. ಅವರ ಯಜಮಾನರು ದರ್ಜಿ, ಮಿಕ್ಕಿದ ನೂಲೆಲ್ಲ ಹೆಂಡತಿಯ ಜೇಬಿಗೆ. ನೂಲಿನ ತುದಿಯನ್ನು ಉಂಗುರದ ಸಂದಿಯಲ್ಲಿ ತೂರಿಸಿ, ಬೆರಳ ಸುತ್ತ ಒತ್ತೊತ್ತಾಗಿ ಸುತ್ತಿ, ಇನ್ನೊಂದು ತುದಿಯಿಂದ ಬಿಚ್ಚುತ್ತ ಬಂದರು. ಉಂಗುರ ಸುತ್ತು ಸುತ್ತಿಗೆ ಒಂದಿಷ್ಟು ಜಾರಿ, ಅರೆ ನಿಮಿಷದಲ್ಲಿ ಅಂಗೈಗೆ ಬಿತ್ತು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಬಳೆಗಳನ್ನು ಅವಳೇ ಬಲಗೈಯಿಂದ ತೆಗೆದುಕೊಟ್ಟಳು. ಆಮೇಲೆ ಕೈಗೆ ರಟ್ಟಿನ ಪಟ್ಟಿ ಇಟ್ಟು, ಬಟ್ಟೆಯಿಂದ ಸಡಿಲವಾಗಿ ಸುತ್ತಿ ಮಲಗಿಸಿದರು. ಡಾಕ್ಟರಮ್ಮ ಬಂದು ಹಗ್ಗ ಸಡಿಲಿಸಿದರು, ಸಿಸ್ಟರು ಊತ ಎಲ್ಲಿಯವರೆಗೆ ಬಂದಿದೆಯೋ ಅಲ್ಲಿ ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆದರು. ಗೆರೆ ಮಣಿಕಟ್ಟಿನ ಹತ್ತಿರವಿತ್ತು.

ಈಗ ಆರು ಮೂವತ್ತು. ಕೊಳವೆ ಇದ್ದಲ್ಲೇ ಇದೆ, ಗಾಜಕ್ಕನೂ ಇದ್ದಲ್ಲೇ ಇದ್ದಾರೆ. ಮಾತಾಡಬಹುದೇ ಎಂದು ಸನ್ನೆಯಲ್ಲಿ ಕೇಳುತ್ತೇನೆ. "ಮಾತಾಡಿ ಸಾರ್, ರಕ್ತಕ್ಕೆ ಕಿವಿ ಇಲ್ಲ. ಅಲುಗಾಡ್ಬೇಡಿ ಅಷ್ಟೇ" ಎಂದು ನಗುತ್ತಾರೆ. ವಯಸ್ಸು ಐವತ್ತೊಂದು. ಓದಿದ್ದು ಏಳನೇ ತರಗತಿ. ಬೆಳಗಿನ ಜಾವ ನಾಲ್ಕೂವರೆಗೆ ಮನೆ ಬಿಟ್ಟು, ಎರಡು ಬಸ್ಸು ಬದಲಿಸಿ, ಆರರೊಳಗೆ ಇಲ್ಲಿರುತ್ತಾರೆ. ಹನ್ನೊಂದು ವರ್ಷ ಹಂಗಾಮಿಯಾಗಿಯೇ ದುಡಿದರು. ಫಿನಾಯಿಲಿನ ನೀರಿನಲ್ಲಿ ಅದ್ದಿ ಅದ್ದಿ ಅಂಗೈ ಬಿರುಕು ಬಿಟ್ಟಿದೆ. ನಿಂತು ನಿಂತು ಮಂಡಿ ಸವೆದಿದೆ. "ದಿನದಲ್ಲಿ ನಾನು ಕೂರೋದೇ ಈ ಗಾಜಿನ ಮುಂದೆ. ನಮ್ಮತ್ತೆ ಹೇಳ್ತಾರೆ, ಮನೇಲಿ ಎರಡು ನಿಮಿಷ ಹಾಲಿನ ಮುಂದೆ ನಿಲ್ಲೋಕಾಗಲ್ಲ ನಿನಗೆ, ದಿನಾ ಉಕ್ಕಿಸ್ತೀಯ, ಅಲ್ಲಿ ಅದ್ಹೇಗೆ ಕೂರ್ತೀಯೇ ಅಂತ."

ಮಳೆಗಾಲದಲ್ಲಿ ವಾರಕ್ಕೆ ನಾಲ್ಕೈದು ಮಂದಿ ಹಾವು ಕಚ್ಚಿಸಿಕೊಂಡು ಬರುತ್ತಾರೆ, ಬೇಸಿಗೆಯಲ್ಲಿ ಕಡಿಮೆ. ಒಬ್ಬೊಬ್ಬರಿಗೂ ಒಂದೇ ಪರೀಕ್ಷೆ ಸಾಲದು, ಮತ್ತೆ ಮತ್ತೆ ಮಾಡಬೇಕು. ಇದುವರೆಗೆ ಎಷ್ಟು ಕೊಳವೆ ನೋಡಿರಬಹುದು ಎಂದು ಕೇಳಿದರೆ ಅವರಿಗೆ ಲೆಕ್ಕವಿಲ್ಲ. ಆಸ್ಪತ್ರೆಯ ಪುಸ್ತಕ ತಿರುವಿ ಡಾಕ್ಟರಮ್ಮ ಹೇಳಿದ್ದು ಮೂರು ಸಾವಿರ. ಮೂರು ಸಾವಿರಕ್ಕೆ ಇಪ್ಪತ್ತು ನಿಮಿಷದಂತೆ ನಾನು ಚೀಟಿಯ ಹಿಂದೆ ಗುಣಿಸಿ ನೋಡಿದೆ. ಸಾವಿರ ಗಂಟೆ! ಹಗಲು ರಾತ್ರಿ ಸೇರಿಸಿ ನಲವತ್ತೊಂದು ದಿನಕ್ಕೂ ಮಿಗಿಲು. ಅಷ್ಟು ಹೊತ್ತು ಈ ಹೆಂಗಸು ಬೇರೆಯವರ ರಕ್ತದ ಮುಂದೆ ಕಣ್ಣಲ್ಲಿ ಕಣ್ಣಿಟ್ಟು ಕೂತಿದ್ದಾರೆ. ಹತ್ತು ನಿಮಿಷ ಫೋನು ನೋಡದೆ ಇರಲಾರದ ನನಗೆ ತಲೆ ತಗ್ಗಿಸುವಂತಾಯಿತು.

ಆರು ನಲವತ್ತೆರಡು. ಗಾಜಕ್ಕ ಕೊಳವೆಯ ಕುತ್ತಿಗೆ ಹಿಡಿದು ಒಂದು ಸಲ ಬಗ್ಗಿಸುತ್ತಾರೆ. ರಕ್ತ ಅಲ್ಲಾಡುವುದಿಲ್ಲ, ತಳಕ್ಕೆ ಕಚ್ಚಿಕೊಂಡು ನಿಂತಿದೆ. ಬಾಗಿಲಲ್ಲಿ ಇಣುಕುತ್ತಿದ್ದ ಗಂಡನ ಮುಖ ಅರಳಿಬಿಡುತ್ತದೆ. "ಅಂದ್ರೆ ವಿಷ ಇಲ್ಲ! ಅಯ್ಯಪ್ಪಾ, ಜೀವ ಬಂತು ನೋಡಿ. ಮಗು ಪಕ್ಕದ ಮನೇಲಿದೆ ಅಕ್ಕಾ, ಹಾಲಿಗೆ ಅಳ್ತಿರುತ್ತೆ. ನಾವಿನ್ನು ಹೊರಡ್ತೀವಿ."

"ಈಗ ಇಲ್ಲ ಅಂತ ಹೇಳ್ತಿದೆ. ಇನ್ನೊಂದು ಗಂಟೆ ಆದ್ಮೇಲೆ ಏನು ಹೇಳುತ್ತೋ? ಒಂದು ದಿನ ಪೂರ್ತಿ ಇಲ್ಲೇ ಇರ್ಬೇಕು" ಎನ್ನುತ್ತಾರೆ ಗಾಜಕ್ಕ.

"ಗಟ್ಟಿಯಾಯ್ತಲ್ಲ, ನಾನೇ ನೋಡಿದ್ನಲ್ಲ! ಏನಾದ್ರೂ ಆದ್ರೆ ಮತ್ತೆ ಕರ್ಕೊಂಡು ಬರ್ತೀನಿ."

ಆತನದ್ದು ಹಟವಲ್ಲ, ಆಸೆ. ಒಳಗೆ ಹೆಂಡತಿಯೂ ಎದ್ದು ಕೂರಲು ನೋಡುತ್ತಿದ್ದಾಳೆ. ಡಾಕ್ಟರಮ್ಮ ಇನ್ನೊಬ್ಬ ರೋಗಿಯ ಹತ್ತಿರವಿದ್ದಾರೆ. ಈಗ ಈಕೆ ಜೋರು ಮಾಡುತ್ತಾರೆ ಎಂದು ನಾನು ಕಾದರೆ, ಗಾಜಕ್ಕ ತಮ್ಮ ಚೀಲದಿಂದ ಊಟದ ಡಬ್ಬಿ ತೆಗೆದು ಆತನ ಕೈಗೆ ಕೊಟ್ಟುಬಿಡುತ್ತಾರೆ. "ಸ್ವಲ್ಪ ಹಿಡ್ಕೊಂಡಿರಿ ಅಣ್ಣಾ, ಕೆಳಗಿಟ್ರೆ ಇರುವೆ ಮುತ್ತುತ್ತೆ. ಈಗ ಬಂದೆ" ಎಂದು ಹೊರಟೇ ಹೋಗುತ್ತಾರೆ. ಆತ ಡಬ್ಬಿ ಹಿಡಿದು ಕಂಬದ ಹಾಗೆ ನಿಂತುಬಿಟ್ಟ. ಕಾರಿಡಾರಿನಲ್ಲಿ ಹಿಂದೆ ಓಡಿದ ನನಗೆ ಗಾಜಕ್ಕ ಗುಟ್ಟು ಹೇಳುತ್ತಾರೆ: "ಇನ್ನೊಬ್ಬರ ಊಟ ಕೈಲಿ ಹಿಡ್ಕೊಂಡು ಯಾರೂ ಓಡಿಹೋಗಲ್ಲ ಸಾರ್. ಇಷ್ಟು ವರ್ಷದಲ್ಲಿ ಒಬ್ರೂ ಹೋಗಿಲ್ಲ." ಅಷ್ಟರಲ್ಲಿ ಅವರು ಡಾಕ್ಟರಮ್ಮನಿಗೆ ವಿಷಯ ಮುಟ್ಟಿಸಿ, ಮಗುವನ್ನು ಇಲ್ಲಿಗೇ ಕರೆತರುವಂತೆ ಪಕ್ಕದ ಮನೆಗೆ ಫೋನು ಮಾಡಿಸಿಯೂ ಆಗಿತ್ತು. ಎಂಥ ಕಿಲಾಡಿ ಹೆಂಗಸು!

ಮೊದಲ ಪರೀಕ್ಷೆಗೆ ಬಳಸಿದ್ದು ಹಳೆಯ ಪೆಟ್ಟಿಗೆಯ ಕೊನೆಯ ಕೊಳವೆ. ಈಗ ಹೊಸ ಪೆಟ್ಟಿಗೆ ಒಡೆಯಬೇಕು. ಐವತ್ತು ಕೊಳವೆಗಳ ಪೆಟ್ಟಿಗೆಯನ್ನು ಗಾಜಕ್ಕ ಬೆಳಕಿಗೆ ಹಿಡಿದು ನೋಡುತ್ತಾರೆ, ಒಂದನ್ನು ಎತ್ತಿ ಉಗುರಿನಿಂದ ತಟ್ಟುತ್ತಾರೆ. ಟಿಣ್ ಎನ್ನುತ್ತದೆ. "ಟಪ್ ಅಂದ್ರೆ ಪ್ಲಾಸ್ಟಿಕ್ಕು. ಹೋದ ತಿಂಗಳು ಒಂದು ಪೆಟ್ಟಿಗೆ ಪ್ಲಾಸ್ಟಿಕ್ಕೇ ಬಂದಿತ್ತು, ವಾಪಸ್ ಕಳಿಸಿದೆ. ರಕ್ತ ಹೆಪ್ಪುಗಟ್ಟೋಕೆ ಗಾಜೇ ಬೇಕು, ಅದೂ ಹೊಸದು, ಒಣಗಿರೋದು. ಸೋಪು ಮಾತ್ರ ಸೋಕ್ಲೇಬಾರದು" ಎನ್ನುತ್ತಾರೆ. ಯಾಕೆ ಎಂದು ಕೇಳಿದೆ. ಹೇಳಲೋ ಬೇಡವೋ ಎಂಬಂತೆ ನನ್ನನ್ನು ನೋಡಿ, ಹೇಳಿದರು.

ಹತ್ತೊಂಬತ್ತು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ತಿಂಗಳು. ಆಗೆಲ್ಲ ಕೊಳವೆಗಳನ್ನು ಬರೀ ನೀರಿನಲ್ಲಿ ತೊಳೆದು, ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸುತ್ತಿದ್ದರಂತೆ. ಹೊಸದಾಗಿ ಬಂದ ಈಕೆಗೆ ಅವು ಮಂಕಾಗಿ ಕಂಡವು. "ಮನೇಲಿ ಲೋಟ ಹೊಳೀದಿದ್ರೆ ನಮ್ಮತ್ತೆ ಸುಮ್ನೆ ಬಿಡ್ತಿರ್ಲಿಲ್ಲ. ಇಲ್ಲೂ ಒಳ್ಳೇ ಹೆಸರು ತಗೋಬೇಕು ಅಂತ ಸೋಪಿನ ಪುಡಿ ಹಾಕಿ, ಬ್ರಷ್ ಹಾಕಿ ಉಜ್ಜಿದೆ ಸಾರ್. ಥಳಥಳ ಅಂತಿದ್ವು." ಮರುದಿನ ಮರ ಕಡಿಯುವ ಒಬ್ಬರು ಬಂದರು. ಅವರಿಗೆ ಕಚ್ಚಿದ್ದು ವಿಷವಿಲ್ಲದ ಹಾವು. ಅದು ಆಗ ಯಾರಿಗೂ ಗೊತ್ತಿಲ್ಲ. ಇಪ್ಪತ್ತು ನಿಮಿಷದ ನಂತರ ರಕ್ತ ಹರಿಯಿತು. ಬೇಡದ ದೇಹಕ್ಕೆ ಹಾವಿನ ವಿಷ ಇಳಿಸುವ ಇಂಜೆಕ್ಷನ್ ಹೋಯಿತು. ಕೆಲವರಿಗೆ ಆ ಮದ್ದು ಒಗ್ಗುವುದಿಲ್ಲ. ಮೈಯೆಲ್ಲ ದದ್ದು ಎದ್ದು, ಗಂಟಲು ಊದಿ, ಉಸಿರು ಕಟ್ಟಿತು. ಅರ್ಧ ಗಂಟೆ ಹೋರಾಡಿ ಉಳಿಸಿಕೊಂಡರು.

ಆಗಿದ್ದ ದೊಡ್ಡ ಡಾಕ್ಟರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಕೊಳವೆ ತೊಳೆದದ್ದು ಯಾರು ಎಂದು ಕೇಳಿದರು. "ಸುಮ್ನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಆದ್ರೆ ಮಿಕ್ಕ ಕೊಳವೆ ಅಲ್ಲೇ ಇದ್ವಲ್ಲ, ನಾಳೆ ಇನ್ಯಾರಿಗೋ ಬಳಸ್ತಾರಲ್ಲ! ಕೈ ಎತ್ತಿದೆ" ಎನ್ನುತ್ತಾರೆ. ಡಾಕ್ಟರು ಬೈಯಲಿಲ್ಲವಂತೆ. ತಮ್ಮದೇ ತೋಳಿನಿಂದ ರಕ್ತ ತೆಗೆಸಿ, ಈಕೆ ಉಜ್ಜಿದ ಕೊಳವೆಗೊಂದಿಷ್ಟು, ಹೊಸ ಕೊಳವೆಗೊಂದಿಷ್ಟು ಹಾಕಿ, ಈಕೆಯನ್ನು ಅದೇ ಸ್ಟೂಲಿನ ಮೇಲೆ ಕೂರಿಸಿದರು. ಇಪ್ಪತ್ತು ನಿಮಿಷ. ಹೊಸದರಲ್ಲಿ ರಕ್ತ ನಿಂತಿತು. ಹೊಳೆಯುವ ಕೊಳವೆಯಲ್ಲಿ ಹರಿಯಿತು. "ನೋಡಮ್ಮ, ಎರಡೂ ನಂದೇ ರಕ್ತ. ನನಗೆ ಯಾವ ಹಾವೂ ಕಚ್ಚಿಲ್ಲ" ಎಂದಷ್ಟೇ ಹೇಳಿ ಎದ್ದು ಹೋದರು. ಅವತ್ತಿನಿಂದ ತೊಳೆದ ಕೊಳವೆ ಇಲ್ಲಿ ಬಂದ್.

ಆ ದಿನದ ನಂತರ ಗಾಜಕ್ಕ ಹಾಕಿಕೊಂಡ ನೇಮವೊಂದಿದೆ. ಆಸ್ಪತ್ರೆಯ ಹೊರಗೆ ಅದು ಯಾರಿಗೂ ಗೊತ್ತಿಲ್ಲ. ಹೊಸ ಪೆಟ್ಟಿಗೆ ಒಡೆದಾಗ ರೋಗಿಯ ಕೊಳವೆಯ ಪಕ್ಕದಲ್ಲಿ ಅದೇ ಪೆಟ್ಟಿಗೆಯ ಇನ್ನೊಂದು ಕೊಳವೆ ನಿಲ್ಲುತ್ತದೆ, ಅದರಲ್ಲಿ ಗಾಜಕ್ಕನ ರಕ್ತ. ಗಾಜಿನಲ್ಲೇ ದೋಷವಿದ್ದರೆ ಇವರ ರಕ್ತವೂ ಹರಿದು ಗುಟ್ಟು ಬಯಲಾಗುತ್ತದೆ. ಯಾರೂ ಹೇಳಿ ಮಾಡಿಸಿದ್ದಲ್ಲ, ತಾವೇ ಮೊದಲು ಡಾಕ್ಟರರನ್ನು ಕೇಳಿ ಒಪ್ಪಿಸಿದ್ದು. ಅರವತ್ತು ಪೆಟ್ಟಿಗೆ, ಅರವತ್ತು ಸಲ ಸೂಜಿ. ಒಂದು ತಪ್ಪಿಗೆ ಇಷ್ಟು ಉದ್ದದ ಪ್ರಾಯಶ್ಚಿತ್ತವೇ ಎಂದೆ. ಗಾಜಕ್ಕನಿಗೆ ಸಿಟ್ಟೇ ಬಂತು. "ಪ್ರಾಯಶ್ಚಿತ್ತ ಗೀಯಶ್ಚಿತ್ತ ಏನೂ ಅಲ್ಲ ಸಾರ್. ತಕ್ಕಡಿ ಸರಿ ಇದೆಯಾ ಅಂತ ನೋಡ್ಕೊಂಡೇ ಅಲ್ವಾ ತೂಗೋದು? ಅಷ್ಟೇ" ಎಂದು ನನ್ನ ಬಾಯಿ ಮುಚ್ಚಿಸಿದರು.

ಏಳು ಇಪ್ಪತ್ತು. ಹುಲ್ಲಿನ ಹೆಣ್ಣುಮಗಳ ಕೈಯ ಊತ ಪೆನ್ನಿನ ಗೆರೆ ದಾಟಿ ಎರಡು ಬೆರಳು ಮೇಲೆ ಬಂದಿದೆ. ಡಾಕ್ಟರಮ್ಮನ ಹುಬ್ಬು ಗಂಟಿಕ್ಕಿದೆ. ಸಿಸ್ಟರು ಅವಳ ರಕ್ತ ತೆಗೆಯುತ್ತಾರೆ, ಬೆನ್ನಿಗೇ ಗಾಜಕ್ಕ ಕೋಟಿನ ತೋಳು ಮೇಲಕ್ಕೆ ಮಡಚಿ ತಮ್ಮ ಕೈ ಮುಂದೆ ಚಾಚುತ್ತಾರೆ. ಎರಡು ಕೊಳವೆಗಳು ಮೇಜಿನ ಮೇಲೆ ಅಕ್ಕಪಕ್ಕ ನಿಲ್ಲುತ್ತವೆ. ಗುರುತಿಗೆ ತಮ್ಮದಕ್ಕೆ ಒಂದೆಳೆ ಬಿಳಿ ನೂಲು ಕಟ್ಟಿದ್ದಾರೆ. ನನ್ನ ಕಣ್ಣಿಗೆ ಎರಡೂ ಒಂದೇ ಕೆಂಪು.

ಪಕ್ಕದ ಕೋಣೆಯಲ್ಲಿ ಮಗು ಬಂದ ಸದ್ದು ಕೇಳಿಸಿತು, ಅಳು, ಆಮೇಲೆ ಯಾರೋ ಸಮಾಧಾನ ಮಾಡುವ ದನಿ. ನಾನು ಗಡಿಯಾರ ನೋಡಿದ್ದೇ ನೋಡಿದ್ದು. ಗಾಜಕ್ಕ ಒಮ್ಮೆಯೂ ನೋಡಲಿಲ್ಲ, ನಿಮಿಷಗಳು ಅವರ ಮೈಯಲ್ಲೇ ಇದ್ದವೋ ಏನೋ. ಬಾಗಿಲಲ್ಲಿ ಗಂಡ ಇನ್ನೂ ಡಬ್ಬಿ ಹಿಡಿದೇ ನಿಂತಿದ್ದ. ಏಳು ನಲವತ್ತಕ್ಕೆ ಸರಿಯಾಗಿ ಡಾಕ್ಟರಮ್ಮ ಒಳಗೆ ಬಂದರು.

ಗಾಜಕ್ಕ ಮೊದಲು ನೂಲು ಕಟ್ಟಿದ್ದನ್ನು ಬಗ್ಗಿಸಿದರು. ನಿಂತಿದೆ. ಅಂದರೆ ಗಾಜು ಸರಿಯಿದೆ. ಆಮೇಲೆ ಇನ್ನೊಂದು. ರಕ್ತ ಸರ್ರನೆ ಕೊಳವೆಯ ಬಾಯಿಯತನಕ ಹರಿದು ಬಂತು. ಒಂದು ಗಂಟೆಯ ಹಿಂದೆ ಮನೆಗೆ ಹೊರಟಿದ್ದವಳ ರಕ್ತ! ಹೊಲದ ದಾರಿಯಲ್ಲೋ, ಮಗುವಿಗೆ ಹಾಲೂಡುವಾಗಲೋ, ಒಳಗೊಳಗೇ ಹರಿಯಲು ಶುರುವಾಗಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಡಾಕ್ಟರಮ್ಮ ಒಂದು ಕ್ಷಣವೂ ಅನುಮಾನಿಸಲಿಲ್ಲ. ನೂಲಿನ ಕೊಳವೆಯನ್ನು ಒಮ್ಮೆ ನೋಡಿದರು, "ಸಿಸ್ಟರ್, ಪ್ರತಿವಿಷ, ಹತ್ತು ಬಾಟಲಿ, ಮೈಗೆ ಒಗ್ಗದಿದ್ರೆ ಕೊಡೋ ಮದ್ದೂ ಪಕ್ಕದಲ್ಲೇ ಇರ್ಲಿ" ಎಂದು ಓಡಿದರು. ಗಂಡ ಗೋಡೆಗೆ ಒರಗಿ ಕುಸಿದು ಕೂತ. ಡಬ್ಬಿ ಮಾತ್ರ ಬಿಡಲಿಲ್ಲ.

ಮದ್ದು ಹನಿ ಹನಿಯಾಗಿ ಇಳಿಯುತ್ತಿದ್ದಾಗ ಗಾಜಕ್ಕ ನೆಲ ಒರೆಸುತ್ತಿದ್ದರು. ಓದುಗರಿಗೆ ಏನು ಹೇಳುತ್ತೀರಿ ಎಂದೆ. ಒರೆಸುವ ಕೋಲಿಗೆ ಗಲ್ಲ ಊರಿ ನಿಂತರು. "ಕಚ್ಚಿದ ಕೈಯೋ ಕಾಲೋ ಮೂಳೆ ಮುರಿದಿದೆ ಅಂತ ಅಂದ್ಕೊಳ್ಳಿ ಸಾರ್, ಏನು ಮಾಡ್ಬೇಕು ಅಂತ ತಾನಾಗೇ ಹೊಳೆಯುತ್ತೆ. ಮೂಳೆ ಮುರಿದೋರನ್ನ ಓಡಿಸ್ತೀರಾ? ಇಲ್ಲ, ಎತ್ಕೊಂಡು ಬರ್ತೀರಿ. ಅಲುಗಾಡದ ಹಾಗೆ ಪಟ್ಟಿ ಇಡ್ತೀರಿ. ಅಲ್ಲಿ ಕುಯ್ಯಲ್ಲ, ಬಾಯಿ ಹಾಕಿ ಚೀಪಲ್ಲ, ಐಸು ಇಡಲ್ಲ, ಹಗ್ಗ ಬಿಗಿಯಲ್ಲ. ಉಂಗುರ, ಬಳೆ, ವಾಚು ತೆಗೀರಿ, ಸೀದಾ ಆಸ್ಪತ್ರೆಗೆ ಬನ್ನಿ. ಗಾಯ ಚಿಕ್ಕದು, ನೋವಿಲ್ಲ ಅಂತ ಮನೇಲಿ ಕೂರ್ಬೇಡಿ. ಹಾವು ಅದರ ಪಾಡಿಗೆ ಹೋಗ್ಲಿ." ಎರಡು ಹೆಜ್ಜೆ ಹೋದವರು ತಿರುಗಿ ಬಂದರು. "ಇನ್ನೊಂದು ಬರ್ಕೊಳ್ಳಿ. ಎಲ್ಲ ಹಾವಿಗೂ ನನ್ನ ಗಾಜು ಸಾಲಲ್ಲ. ಕೆಲವು ಹಾವಿನ ವಿಷ ರಕ್ತ ಮುಟ್ಟಲ್ಲ, ಕಣ್ಣಿನ ರೆಪ್ಪೆ ಬೀಳಿಸುತ್ತೆ, ಉಸಿರು ನಿಲ್ಲಿಸುತ್ತೆ. ಅದನ್ನ ಡಾಕ್ಟರೇ ನೋಡ್ಬೇಕು. ಗಾಜು ನೋಡಿ ನಾನೇ ಎಲ್ಲ ಹೇಳ್ತೀನಿ ಅಂತ ಬರೆದುಗಿರೆದೀರಾ ಮತ್ತೆ!"

ಪ್ರತಿವಿಷ ಕೊಟ್ಟ ಆರು ಗಂಟೆಯ ನಂತರ ಮತ್ತೆ ಪರೀಕ್ಷೆ. ಅಂದರೆ ಮಧ್ಯಾಹ್ನ ಎರಡರ ಸುಮಾರಿಗೆ. ಗಾಜಕ್ಕನ ಪಾಳಿ ಮುಗಿಯುವುದೂ ಎರಡಕ್ಕೇ, ಎರಡೂ ಐದಕ್ಕೆ ಬಸ್ಸು. ಇನ್ನೊಬ್ಬ ಆಯಾ ಆಗಲೇ ಬಂದು ಕೋಟು ತೊಟ್ಟಿದ್ದರು. "ನೀನು ಹಾಸಿಗೆ ನೋಡ್ಕೋ, ಇದನ್ನ ಮುಗಿಸೇ ಹೋಗ್ತೀನಿ" ಎಂದ ಗಾಜಕ್ಕ ಮತ್ತೆ ಸ್ಟೂಲಿನ ಮೇಲೆ ಕೂತರು. ನಾನೂ ಕೂತೆ. ಬಸ್ಸಿನ ಹಾರ್ನು ಹೊರಗೆ ಕೇಳಿಸಿ ಮರೆಯಾಯಿತು. ಹುಡುಕಿಕೊಂಡು ಹೋಗಬೇಕಿದ್ದ ಹಾವು ಹಿಡಿಯುವವರ ವಿಳಾಸ ನನ್ನ ಜೇಬಿನಲ್ಲೇ ಮುದ್ದೆಯಾಗಿತ್ತು.

ಎರಡು ಗಂಟೆ ಹನ್ನೆರಡಕ್ಕೆ ಗಾಜಕ್ಕ ಬಾಗಿಲ ಕಡೆ ನೋಡಿ, "ಬನ್ನಿ ಅಣ್ಣಾ, ನೀವೂ ನೋಡಿ" ಎಂದು ಗಂಡನನ್ನು ಕರೆದರು. ಆತ ಹತ್ತಿರ ಬರಲು ಹೆದರಿದ. ಕೊಳವೆ ಬಗ್ಗಿತು. ರಕ್ತ ತಳದಲ್ಲೇ ನಿಂತಿತ್ತು, ಒಂದು ಹನಿಯೂ ಜಾರಲಿಲ್ಲ. ಗಾಜಕ್ಕ ಅದನ್ನು ಬಗ್ಗಿಸಿದಂತೆಯೇ ಹಿಡಿದು ಆತನ ಕಣ್ಣೆದುರು ತೋರಿಸಿದರು. ಆ ಗಟ್ಟಿ ಆಳು ಮಕ್ಕಳ ಹಾಗೆ ಬಿಕ್ಕಿಬಿಕ್ಕಿ ಅತ್ತ. ನನ್ನ ಕಣ್ಣೂ ತುಂಬಿತು, ಮುಚ್ಚಿಡುವುದೇನು. "ಇವತ್ತು ಪೂರ್ತಿ ಇಲ್ಲೇ ಇರ್ಬೇಕು, ಇನ್ನೂ ಪರೀಕ್ಷೆ ಇದೆ. ಈ ಸಲ ಡಬ್ಬಿ ಕೊಡೋದು ಬೇಡ ತಾನೇ?" ಎಂದು ಗಾಜಕ್ಕ ಕೈ ಚಾಚಿದರು. ಏಳೂವರೆ ಗಂಟೆ ಹೊತ್ತು ಎದೆಗವಚಿ ಹಿಡಿದ ಡಬ್ಬಿಯನ್ನು ಆತ ಆಗ ವಾಪಸು ಕೊಟ್ಟ. ಊಟ ತಣ್ಣಗಾಗಿತ್ತು.

ಹೊರಡುವ ಮುಂಚೆ ಗಾಜಕ್ಕ ಹಾಸಿಗೆಯ ಹತ್ತಿರ ಹೋದರು. ಮಗು ತಾಯಿಯ ಬಲಗೈಯ ಮೇಲೆ ನಿದ್ದೆ ಮಾಡುತ್ತಿತ್ತು. ನಿಮಗೇನಾದರೂ ಆಸೆ ಇದೆಯೇ ಎಂದು ನಾನು ಬಾಗಿಲಲ್ಲೇ ಕೇಳಿದ್ದೆ, ಎಲ್ಲ ಲೇಖನಗಳಲ್ಲೂ ಕೇಳುವ ಹಾಗೆ. "ಪೆಟ್ಟಿಗೇಲಿ ಪ್ಲಾಸ್ಟಿಕ್ ಕಳಿಸ್ಬೇಡಿ ಅಂತ ಬರೀರಿ ಸಾಕು" ಎಂದಿದ್ದರು. ಹುಲ್ಲಿನ ಹೆಣ್ಣುಮಗಳು ಕಣ್ಣು ತೆರೆದು ನೋಡಿದಳು. ಅವಳ ನೋಟ ಗಾಜಕ್ಕನ ತೋಳಿನ ಮೇಲೆ, ಮೊಣಕೈಯ ಮಡಿಕೆಯಲ್ಲಿ ಅಂಟಿಸಿದ್ದ ಹತ್ತಿಯ ತುಣುಕಿನ ಮೇಲೆ ನಿಂತಿತು. ಗಾಬರಿಯಿಂದ ಕೇಳಿದಳು:

"ಅಯ್ಯೋ ಅಕ್ಕಾ, ನಿಮಗೂ ಕಚ್ತಾ?"

ಗಾಜಕ್ಕ ಅವಳ ಹೊದಿಕೆ ಸರಿಮಾಡಿದರು.

"ಇಲ್ಲ ಕಣಮ್ಮಾ. ನಿಂದು ಹರೀತಿದೆ ಅಂತ ನಂಬೋಕೆ ಪಕ್ಕದಲ್ಲಿ ನಿಲ್ಲೋದೊಂದು ಬೇಕಿತ್ತು. ಅದು ನಂದು."